ತಟ್ಟಿದರೆ ಬಿಡಬೇಕು

ಕಮ್ಮನಹಳ್ಳಿ, ಟೈರು ಅಂಗಡಿಯ ಮೇಲಿನ ಮಹಡಿ.
ನೀಲಿ ಚಾಪೆ, ರಬ್ಬರಿನ ನಾತ, ಒಂದೇ ಫ್ಯಾನು.
ಕೋಚ್ ಇಬೋಮ್ಚಾ ಮಣಿಪುರದವನು,
ತನ್ನ ಎಂಟು ವರ್ಷದ ಕನ್ನಡದಲ್ಲಿ
ಮೊದಲ ದಿನ ಹೇಳಿದ್ದು ಒಂದೇ ನಿಯಮ:
"ತಟ್ಟಿದ್ರೆ ಬಿಡಬೇಕು ಮೇಡಂ. ತಕ್ಷಣ.
ಯೋಚನೆ ಮಾಡಬಾರದು."

ನನಗೆ ನಲವತ್ತೊಂದು, ತೂಕ ಐವತ್ತೆರಡು.
ಮನೆಮನೆಗೆ ಹೋಗಿ ರಕ್ತ ತೆಗೆಯುವುದು ಕಸುಬು,
ಬೆಳಿಗ್ಗೆ ಐದೂವರೆಗೆ ಫಾಸ್ಟಿಂಗ್ ಶುಗರು,
ಸ್ಕೂಟರಿನಲ್ಲಿ ಕಾಲ ಬಳಿ ಐಸಿನ ಡಬ್ಬಿ.
ನರ ಹುಡುಕುವ ಬೆರಳಿಗೆ
ಕುತ್ತಿಗೆಯ ಎರಡು ಬದಿ ಯಾರೂ ತೋರಿಸಬೇಕಾಗಲಿಲ್ಲ.
ತೊಂಬತ್ತು ಕೆಜಿಯ ಹುಡುಗರು, ಜಿಮ್ಮಿನ ತೋಳಿನವರು,
ನನ್ನ ಮೊಣಕೈ ಮಡಿಕೆಯೊಳಗೆ ಕೆಂಪಾಗಿ
ಟಪ್ ಟಪ್ ಅಂತ ತಟ್ಟುತ್ತಿದ್ದರು. ಬಿಡುತ್ತಿದ್ದೆ.
ನಗುತ್ತಾ ಕೈ ಕುಲುಕುತ್ತಿದ್ದರು.
ಹಮ್ಮು ಬರುವುದಕ್ಕೆ ಅಷ್ಟು ಸಾಕಿತ್ತು.

ಫಿಲೋಮಿನಾಗೆ ನಗು. ಲಿಂಗರಾಜಪುರದವಳು, ಬಾಕ್ಸಿಂಗು.
"ರಸ್ತೇಲಿ ಯಾರೇ ಚಾಪೆ ಹಾಸ್ತಾರೆ ನಿಂಗೆ?
ಒಬ್ಬನ್ನ ತಬ್ಕೊಂಡು ನೀನು ಬಿದ್ದಿರ್ತೀಯ,
ಇನ್ನೊಬ್ಬ ಬಂದು ತಲೆಗೆ ಒದೀತಾನೆ.
ನಾನು ಮೂಗಿಗೊಂದು ಕೊಟ್ಟು ಫ್ಲೈಓವರ್ ದಾಟಿರ್ತೀನಿ."
ಸುಳ್ಳಲ್ಲ.
ಆದರೆ ಕಳೆದ ದೀಪಾವಳಿಗೆ, ಬಾಣಸವಾಡಿ ಬಸ್‌ಸ್ಟಾಪಿನಲ್ಲಿ,
ಅವಳು ಮೂಗಿಗೆಂದು ಕೊಟ್ಟಿದ್ದು ಹಲ್ಲಿಗೆ ಬಿತ್ತು.
ಅವನೇನೋ ಓಡಿದ. ಇವಳ ಗೆಣ್ಣು ಬಿರಿಯಿತು,
ಗಾಯ ಕೀವು ಕಟ್ಟಿತು.
ಆರು ವಾರ ಎಡಗೈಯಲ್ಲಿ ಅನ್ನ ಕಲಸಿದಳು.
ಅವಳ ರಕ್ತ ತೆಗೆದವಳು ನಾನೇ.
ಗ್ಲವ್ಸಿನೊಳಗೆ ಕಲಿತ ಮುಷ್ಟಿಗೆ ಬರಿಗೈ ಲೆಕ್ಕ ಗೊತ್ತಿಲ್ಲ ಅಂದೆ.
ಒಪ್ಪಲಿಲ್ಲ. ಸೂಜಿ ನೋಡದೆ ಗೋಡೆ ನೋಡಿದಳು.

ನನ್ನ ಸರದಿ ಬಂದದ್ದು ಕಾಚರಕನಹಳ್ಳಿಯಲ್ಲಿ,
ಚರಂಡಿ ಅಗೆದು ಜಲ್ಲಿ ಸುರಿದಿದ್ದ ಅಡ್ಡರಸ್ತೆ.
ಸ್ಟ್ಯಾಂಡು ಹಾಕುತ್ತಿದ್ದೆ. ಹಿಂದಿನಿಂದ ಒಬ್ಬ
ಡಬ್ಬಿಯನ್ನೋ ನನ್ನನ್ನೋ ಹಿಡಿದೆಳೆದ,
ಅವನಿಗೂ ಖಾತ್ರಿ ಇದ್ದಂತಿರಲಿಲ್ಲ.
ಮೈ ತಾನೇ ನೆನಪು ಮಾಡಿಕೊಂಡಿತು:
ಸೊಂಟ ಕೆಳಗೆ, ಕಾಲು ಅಡ್ಡ.
ಇಬ್ಬರೂ ಬಿದ್ದೆವು. ಮೊಣಕೈ ಸುಲಿಯಿತು.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ,
ನನಗೆ ಮೀಸೆ ಇಲ್ಲ, ಮಣ್ಣೆಲ್ಲ ಬಾಯಿಗೇ ಬಂತು.
ಆದರೂ ಬೆನ್ನು ಸಿಕ್ಕಿತು, ಕುತ್ತಿಗೆ ಸಿಕ್ಕಿತು.
ತಲೆಗೆ ಹಚ್ಚಿದ್ದ ಎಣ್ಣೆಯ ವಾಸನೆ, ಇಪ್ಪತ್ತಿರಬಹುದು ವಯಸ್ಸು,
ಅವನ ನಾಡಿ ನನ್ನ ತೋಳಿಗೆ ಬಡಿಯುತ್ತಿತ್ತು.
ಬಿಗಿದೆ.

ಆಗ ಅವನು ನನ್ನ ತೋಳು ತಟ್ಟಿದ.
ಎರಡು ಸಲ. ಮೆಲ್ಲಗೆ.
ಎಲ್ಲಿ ಕಲಿತಿದ್ದನೋ, ಕಲಿತಿರಲೇ ಇಲ್ಲವೋ.
ಬಿಗಿಯಾಗಿ ಅಪ್ಪಿದ ಅಮ್ಮನನ್ನು
ಉಸಿರು ಸಿಗದ ಮಗು ಬಡಿದ ಹಾಗೆ.
ಬಿಟ್ಟೆ.
ಯೋಚನೆ ಮಾಡಲಿಲ್ಲ.

ಅರೆಗಳಿಗೆ ಇಬ್ಬರೂ ಜಲ್ಲಿಯ ಮೇಲೆ ಕೂತು
ಮುಖ ಮುಖ ನೋಡಿಕೊಂಡೆವು,
ಇನ್ನೇನು ಕೈ ಕುಲುಕಬೇಕು ಅನ್ನುವ ಹಾಗೆ.
ಅಷ್ಟರಲ್ಲಿ ತಿರುವಿನಲ್ಲಿ ಬೈಕು ನಿಂತಿತು.
ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಎರಡನೆಯವನು,
ಫಿಲೋಮಿನಾ ಹೇಳಿದ್ದವನು, ಬಂದ.
ಅವನಿಗೆ ನನ್ನ ಹತ್ತಿರ ಪಟ್ಟು ಇರಲಿಲ್ಲ.
ಮುಷ್ಟಿ ಬೀಸಿದೆ, ಗಾಳಿಗೆ ತಗುಲಿತು.
ಕಿರುಚಿದೆ. ನಾಯಿಗಳು ಎದ್ದವು.
ಹಾಲಿನ ಕ್ರೇಟು ಇಳಿಸುತ್ತಿದ್ದವನು "ಯಾರ್ರೀ ಅದು?" ಅಂದ.
ಸ್ಕೂಟರು ಬಿಟ್ಟು, ಡಬ್ಬಿ ಎತ್ತಿಕೊಂಡು, ಓಡಿದೆ.

ಸಂಜೆ ಇಬೋಮ್ಚಾ ಬೈಯಲಿಲ್ಲ.
ಗಂಟೆಗಟ್ಟಲೆ ಒಂದೇ ಮಾಡಿಸಿದ:
ಬಿದ್ದಲ್ಲಿಂದ ಏಳುವುದು, ಬಾಗಿಲವರೆಗೆ ಓಡುವುದು,
ಮತ್ತೆ ಬೀಳುವುದು.
ತಟ್ಟಿದ್ದನ್ನು ಕೇಳಿದೆ. ಫ್ಯಾನು ನೋಡುತ್ತಾ ಕೂತ.
"ಬಿಡದೇ ಇರೋದು ನಾನು ಕಲಿಸಿಲ್ಲ ಮೇಡಂ.
ಕಲಿಸೋಕೆ ನಂಗೆ ಬರಲ್ಲ."

ಬೆಳಿಗ್ಗೆ ಮಾತ್ರ, ಓಡಿಬಂದವಳು,
ಮೂರನೇ ಮಹಡಿಯ ಗಿರಿಯಪ್ಪನವರ ಗಂಟೆ ಒತ್ತಿದ್ದೆ.
"ಇಪ್ಪತ್ತು ನಿಮಿಷ ಲೇಟು. ಹೊಟ್ಟೆ ಚುರುಗುಟ್ತಿದೆ."
ಕೈ ತೊಳೆದೆ. ಮಣ್ಣು ಉಗಿದೆ.
ಅವರ ತೋಳಿಗೆ ಪಟ್ಟಿ ಬಿಗಿದೆ, ತಟ್ಟಿದೆ, ನರ ಎದ್ದಿತು.
ಒಂದೇ ಸಲಕ್ಕೆ ಸಿಕ್ಕಿತು.
ಹತ್ತಿ ಒತ್ತಿಕೊಳ್ಳುತ್ತಾ ಅವರು ಹೇಳಿದರು:
"ಕೈ ಹಗುರ ಕಣಮ್ಮ ನಿಂದು. ಗೊತ್ತೇ ಆಗಲಿಲ್ಲ."